ಬಿನ್ ಹಿಡಿದು ಮೇಲೇರಿದರೆ

ಹಳೇ ಮೈಸೂರು ಸೀಮೆಯ ಯಾವ ಊರಿನದಾದರೂ ಸರಿ, ಕೈಬರಹದ ಪಹಣಿಯೊಂದನ್ನು ತೆರೆದರೆ ಎರಡು ಹೆಸರುಗಳ ನಡುವೆ ಒಂದು ಪುಟ್ಟ ಪದ ಕೂತಿರುತ್ತದೆ. ರಾಮಯ್ಯ ಬಿನ್ ತಿಮ್ಮಯ್ಯ. ಕ್ರಯಪತ್ರ, ಸಾಲದ ಅರ್ಜಿ, ಕೋರ್ಟಿನ ನೋಟಿಸು, ಎಲ್ಲೆಲ್ಲೂ ಅದೇ. ಜಗಲಿಯ ಮೇಲೆ ಕೂತು ಮಾತಾಡುವಾಗ ಯಾರ ಬಾಯಲ್ಲೂ ಬರದ ಈ ಪದ ಕಚೇರಿಯ ಹೊಸ್ತಿಲು ದಾಟಿದ ಕೂಡಲೇ ಪ್ರತಿಯೊಬ್ಬರ ಹೆಸರಿಗೂ ಅಂಟಿಕೊಳ್ಳುತ್ತದೆ. ಮುತ್ತಜ್ಜನನ್ನು ಕಾಗದಪತ್ರಗಳಲ್ಲಿ ಹುಡುಕಲು ಹೊರಟವರಿಗಂತೂ ಇದು ಏಣಿಯ ಮೆಟ್ಟಿಲು: ರಾಮಯ್ಯ ಬಿನ್ ತಿಮ್ಮಯ್ಯ ಸಿಕ್ಕರೆ, ಮುಂದೆ ತಿಮ್ಮಯ್ಯನ ಹೆಸರಿನ ಖಾತೆ ಹುಡುಕಬೇಕು, ಅಲ್ಲಿ ಅವನು ಯಾರ ಬಿನ್ ಎಂಬುದು ಇರುತ್ತದೆ.

ಪದದ ತವರು ಅರಬ್ಬೀ. ಅಲ್ಲಿ ಇಬ್ನ್ ಎಂದರೆ ಮಗ. ಮಗನ ಹೆಸರಿಗೂ ಅಪ್ಪನ ಹೆಸರಿಗೂ ನಡುವೆ ಬಂದಾಗ ಮೊದಲ ಸ್ವರ ಬಿದ್ದುಹೋಗಿ ಬಿನ್ ಆಗುತ್ತದೆ. ಹೀಬ್ರೂ ಭಾಷೆಯ ಬೆನ್ ಇದರ ಒಡಹುಟ್ಟು. ಕಾರ್ನಾಡರ ನಾಟಕದಿಂದಾಗಿ ಕನ್ನಡಿಗರಿಗೆ ಚಿರಪರಿಚಿತನಾದ ತುಘಲಕನ ಹೆಸರಿನಲ್ಲೂ, ಮುಹಮ್ಮದ್ ಬಿನ್ ತುಘಲಕ್ ಎಂಬಲ್ಲಿ, ಅದು ಇದೆ. ದಖ್ಖನಿನ ಸುಲ್ತಾನರ ಕಾಲದ ಪಾರಸಿ ಆಡಳಿತದ ದಾರಿ ಹಿಡಿದು ಬಂದ ತಹಶೀಲ್ದಾರ, ಜಮಾಬಂದಿ, ಹಿಸ್ಸೆ, ಖರಾಬು, ಮಹಜರುಗಳ ಗುಂಪಿನದೇ ಈ ಪದವೂ. ಮರಾಠಿಯ ಹಳೆಯ ದಫ್ತರಗಳಲ್ಲೂ ಇದು ಹೇರಳ. ಬಂದ ಮೇಲೆ ಜಾತಿ, ಧರ್ಮ ನೋಡಲಿಲ್ಲ; ಗೌಡರಿಗೂ ಶೆಟ್ಟರಿಗೂ ಭಟ್ಟರಿಗೂ ಸಮನಾಗಿ ಒದಗಿತು. ಅಧಿಕಾರದ ಭಾಷೆ ಬದಲಾಯಿತು, ಇಂಗ್ಲಿಷರು ಬಂದರು, ಹೋದರು. ಬಿನ್ ಉಳಿಯಿತು.

ಒಂದು ವಿಚಿತ್ರವೆಂದರೆ ಇದು ಕನ್ನಡದ ನಡಿಗೆಗೆ ವಿರುದ್ಧವಾದ ಪದ. ಕನ್ನಡದಲ್ಲಿ ಅಪ್ಪ ಮೊದಲು, ಮಗ ಆಮೇಲೆ: ತಿಮ್ಮಯ್ಯನ ಮಗ ರಾಮಯ್ಯ. ಶಾಸನಗಳೂ ವೀರಗಲ್ಲುಗಳೂ ಹೇಳುತ್ತ ಬಂದ ಕ್ರಮವೂ ಬಹುಮಟ್ಟಿಗೆ ಇದೇ. ಬಿನ್ ಮಾತ್ರ ಮಗನನ್ನು ಮುಂದಿಟ್ಟು ಹಿಂದಕ್ಕೆ ಕೈ ತೋರಿಸುತ್ತದೆ. ಇವತ್ತಿನಿಂದ ನಿನ್ನೆಗೆ ನಡೆಯುವ ವಂಶಶೋಧಕನ ದಾರಿಯೂ ಅದೇ ತಾನೆ?

ಆದರೆ ದಾರಿ ಸಲೀಸಲ್ಲ. ಮೊಮ್ಮಗನಿಗೆ ತಾತನ ಹೆಸರಿಡುವ ಪದ್ಧತಿ ನಮ್ಮಲ್ಲಿ ಬಲವಾದದ್ದು. ಹೀಗಾಗಿ ರಾಮಯ್ಯ ಬಿನ್ ತಿಮ್ಮಯ್ಯನ ಮೇಲೆ ತಿಮ್ಮಯ್ಯ ಬಿನ್ ರಾಮಯ್ಯ, ಅವನ ಮೇಲೆ ಮತ್ತೆ ರಾಮಯ್ಯ ಬಿನ್ ತಿಮ್ಮಯ್ಯ. ಇಸವಿ ನೋಡದೆ ಹೆಸರನ್ನಷ್ಟೇ ನಂಬಿದವರು ಎರಡು ತಲೆಮಾರು ಹಾರಿಬಿಡುತ್ತಾರೆ. ಆಗ ಕೈಹಿಡಿಯುವುದು ಸರ್ವೆ ನಂಬರು, ಹೆಸರಿನ ಹಿಂದಿನ ದೊಡ್ಡ, ಚಿಕ್ಕಗಳು ಮತ್ತು ಅರಬ್ಬಿಯಿಂದಲೇ ಬಂದ ಇನ್ನೆರಡು ಪದಗಳು: ಉರುಫ್, ಕರಾವಳಿಯ ಕಡೆ ಯಾನೆ. ಅಡ್ಡಹೆಸರೊಂದು ಯಾನೆಯ ಹಿಂದೆ ಸಿಕ್ಕಿಬಿಟ್ಟರೆ ಹುಡುಕುವವರ ಅರ್ಧ ಕೆಲಸ ಮುಗಿದಂತೆ.

ನಿಜವಾದ ತೊಡಕು ಅಜ್ಜಿಯನ್ನು ಹುಡುಕುವಾಗ. ಅರಬ್ಬಿಯಲ್ಲಿ ಮಗಳಿಗೆ ಬಿಂತ್ ಇದೆ. ಮಲೇಷ್ಯಾದ ಮುಸ್ಲಿಂ ಹೆಣ್ಣುಮಕ್ಕಳು ಮದುವೆಯಾದ ಮೇಲೂ ಬಿಂತಿ ಎಂದು ಅಪ್ಪನ ಹೆಸರನ್ನೇ ಹೇಳುತ್ತಾರೆ. ನಮ್ಮ ಕಡತಗಳಲ್ಲಿ ಆ ಪದ ಬಿನ್‌ನಷ್ಟು ಬೇರೂರಲಿಲ್ಲ. ಹೆಂಗಸರ ಪಾಲಿಗೆ ಬಂದದ್ದು ಕೋಂ: ಲಕ್ಷ್ಮಮ್ಮ ಕೋಂ ರಾಮಯ್ಯ, ಅಂದರೆ ರಾಮಯ್ಯನ ಹೆಂಡತಿ. ಆಕೆ ಯಾರ ಮಗಳು, ಯಾವ ಊರಿನಿಂದ ಬಂದವಳು ಎಂಬುದು ಆ ಒಂದೇ ಪದದಲ್ಲಿ ಅಳಿಸಿಹೋಯಿತು. ಗಂಡ ಸತ್ತು ಮಕ್ಕಳು ಚಿಕ್ಕವರಾಗಿದ್ದಾಗ ಮಾತ್ರ 'ಮೈನರ್ ಗಾರ್ಡಿಯನ್ ತಾಯಿ' ಎಂದು ಅವಳ ಹೆಸರು ಕಡತದಲ್ಲಿ ತಲೆಯೆತ್ತುತ್ತದೆ. ಇದು ನೋವಿನ ಸಂಗತಿ. ವಂಶದ ಅರ್ಧದಷ್ಟು ಜನ ಬರಹದ ಹೊರಗೆ ಉಳಿದರು.

ಹಳೆಯ ಬರಹಗಳೆಲ್ಲ ಹೀಗೇ ಇದ್ದವು ಎನ್ನುವಂತಿಲ್ಲ. ತೆಲಂಗಾಣದ ಕರೀಂನಗರದ ಬಳಿಯ ಕುರ್ಕ್ಯಾಲದ ಬಂಡೆಯ ಮೇಲೆ ಹತ್ತನೆಯ ಶತಮಾನದ ಶಾಸನವೊಂದಿದೆ. ಕೆತ್ತಿಸಿದವನು ಪಂಪನ ತಮ್ಮ ಜಿನವಲ್ಲಭ. ಸಂಸ್ಕೃತ, ಕನ್ನಡ, ತೆಲುಗು ಮೂರೂ ಅದರಲ್ಲಿವೆ. ತಂದೆ ಭೀಮಪಯ್ಯನ ಹೆಸರು ಹೇಳಿ ಅವನು ಸುಮ್ಮನಾಗಲಿಲ್ಲ. ತಾಯಿ ಅಬ್ಬಣಬ್ಬೆ, ಆಕೆ ಬೆಳ್ವೊಲದ ಅಣ್ಣಿಗೇರಿಯ ಜೋಯಿಸ ಸಿಂಘನ ಮೊಮ್ಮಗಳು ಎಂದು ಬರೆಸಿದ. ಆದಿಕವಿಯ ತಾಯಿಯ ಹೆಸರು, ಅವಳ ತವರಿನ ಊರು ಇಂದು ಕನ್ನಡಿಗರಿಗೆ ಗೊತ್ತಿರುವುದು ಆ ಬಂಡೆಯ ಉಪಕಾರದಿಂದ. ಪಂಪನಿಗೆ ಅಣ್ಣಿಗೇರಿಯ ನಂಟು ಎಲ್ಲಿಂದ ಎಂಬುದಕ್ಕೆ ಉತ್ತರ ಸಿಕ್ಕಿದ್ದು ತಾಯಿಯ ಕಡೆಯ ಸುಳಿವಿನಲ್ಲಿ. ಅಪ್ಪನ ಕಡೆಯ ವಂಶವನ್ನಷ್ಟೇ ಬೆದಕಿದ್ದರೆ ವೆಂಗಿನಾಡಿನಲ್ಲೇ ಸುತ್ತಬೇಕಾಗುತ್ತಿತ್ತು.

ತುಳುನಾಡಿನ ಅಳಿಯಸಂತಾನದ ಕುಟುಂಬಗಳಲ್ಲಂತೂ ಲೆಕ್ಕವೇ ಬೇರೆ. 1949ರ ಮದ್ರಾಸು ಅಳಿಯಸಂತಾನ ಕಾಯಿದೆಯಲ್ಲಿ 'ಕವರು' ಎಂಬ ಪದ ಬರುತ್ತದೆ: ಒಬ್ಬ ಹೆಂಗಸು, ಅವಳ ಮಕ್ಕಳು, ಹೆಣ್ಣಿನ ಸಾಲಿನಲ್ಲಿ ಇಳಿದುಬಂದ ಸಂತಾನವೆಲ್ಲ ಸೇರಿದರೆ ಒಂದು ಕವರು. ನಮ್ಮ ಕವಲು ಎಂಬ ಪದದ ನೆಂಟನೇ ಇದು. ಅಲ್ಲಿ ವಂಶವೃಕ್ಷದ ಕೊಂಬೆ ಒಡೆಯುವುದು ಹೆಣ್ಣಿನಿಂದ.

ಈಗ ವಂಶವೃಕ್ಷಕ್ಕೆ ನಾಡಕಚೇರಿಯಲ್ಲಿ ಅರ್ಜಿ ಹಾಕುವವರು ಹೆಣ್ಣುಮಕ್ಕಳ ಹೆಸರನ್ನೂ ಬರೆಯಬೇಕು. ಹಿಂದೂ ಉತ್ತರಾಧಿಕಾರ ಕಾಯಿದೆಗೆ 1994ರಲ್ಲಿ ಕರ್ನಾಟಕ ತಂದ ತಿದ್ದುಪಡಿ, 2005ರಲ್ಲಿ ಕೇಂದ್ರ ತಂದ ತಿದ್ದುಪಡಿ ಇವೆರಡೂ ಪಿತ್ರಾರ್ಜಿತದಲ್ಲಿ ಮಗಳಿಗೆ ಪಾಲು ಕೊಟ್ಟ ಮೇಲೆ ಅವಳನ್ನು ಬಿಟ್ಟು ಬರೆದ ಮರ ತಕರಾರಿಗೆ ಗುರಿಯಾಗುತ್ತದೆ. ಹಳೆಯ ಕಾಲದ ಅಜ್ಜಿಯರ ಮಟ್ಟಿಗೆ ಮಾತ್ರ ಪಹಣಿ ಬಿಟ್ಟು ಬೇರೆಡೆ ನೋಡಬೇಕು. ಸಬ್ ರಿಜಿಸ್ಟ್ರಾರ್ ಕಚೇರಿಯ ಹಳೆಯ ದಾನಪತ್ರಗಳನ್ನು ತೆಗೆಸಿ ಓದುವುದು ಒಳ್ಳೆಯ ದಾರಿ. ಅರಿಸಿನ ಕುಂಕುಮಕ್ಕೆಂದು ಅಪ್ಪ ಮಗಳಿಗೆ ತುಂಡು ಜಮೀನು ಬರೆದುಕೊಟ್ಟಿದ್ದರೆ, ಅವನ ಹೆಸರು, ಅವನು ಯಾರ ಬಿನ್, ಯಾವ ಗ್ರಾಮದ ವಾಸಿ ಎಂಬುದೆಲ್ಲ ಆ ಪತ್ರದ ಮೊದಲ ಸಾಲುಗಳಲ್ಲೇ ಸಿಗುತ್ತದೆ.