ಠಾಣೆ ಖಾಡಿಯ ಹಳೆಯ ಕಾವಲು

ಶಕವರ್ಷ 775, ಅಂದರೆ ಕ್ರಿ.ಶ. 853-54. ಮಾನ್ಯಖೇಟದಲ್ಲಿ ಅಮೋಘವರ್ಷ ನೃಪತುಂಗ ರಾಜ್ಯವಾಳುತ್ತಿದ್ದ. ಅವನ ಸಾಮಂತನಾಗಿ ಶಿಲಾಹಾರ ವಂಶದ ಇಮ್ಮಡಿ ಕಪರ್ದಿ ಉತ್ತರ ಕೊಂಕಣವನ್ನು ನೋಡಿಕೊಳ್ಳುತ್ತಿದ್ದ. ಆ ವರ್ಷ ದೂರದ ಗೌಡದೇಶದಿಂದ ಬಂದ ಅವಿಘ್ನಾಕರನೆಂಬ ಉಪಾಸಕ ಕಣ್ಹೇರಿಯ ಗುಹೆಗಳ ಭಿಕ್ಷುಗಳಿಗೆ ನೂರು ದ್ರಮ್ಮಗಳ ದತ್ತಿ ಬಿಟ್ಟು, ಅದನ್ನು ಬಂಡೆಯ ಮೇಲೆ ಬರೆಸಿದ. ಚಕ್ರವರ್ತಿಯ ಹೆಸರು ಅದರಲ್ಲಿದೆ, ಸಾಮಂತನದೂ ಇದೆ, ದಾನಿಯದೂ ಇದೆ. ಗುಹೆಗಳನ್ನು ಸುತ್ತುವರಿದ ಕಾಡಿನ ಜನರ ಹೆಸರು ಮಾತ್ರ ಇಲ್ಲ. ಕಾವೇರಿಯಿಂದ ಗೋದಾವರಿಯವರೆಗಿನ ನಾಡನ್ನು ಅಭಿಮಾನದಿಂದ ನೆನೆಯುವ ನಾವು, ನೃಪತುಂಗನ ಆಣೆ ನಡೆದ ಈ ಪಡುವಣ ಅಂಚನ್ನೂ ಒಮ್ಮೆ ನೆನೆಯಬೇಕು. ಶಾಸನದಲ್ಲಿ ಹೆಸರಿಲ್ಲದ ಆ ಜನರೇ ಈ ಕಥನದ ನಾಯಕರು.

ಇಂದು ಲೋಕಲ್ ರೈಲಿನ ನಿಲ್ದಾಣವಾಗಿ ಹೆಸರಾದ ಕಳವಾ ಇರುವುದು ಠಾಣೆ ಖಾಡಿ ಎಂಬ ಕಡಲ ಹಿನ್ನೀರಿನ ಮೂಡಣ ದಂಡೆಯಲ್ಲಿ. ಬೆನ್ನಿಗೆ ಪಾರ್ಸಿಕ್ ಬೆಟ್ಟ, ಎದುರಿಗೆ ಖಾಡಿ, ಖಾಡಿಯಾಚೆ ಶಿಲಾಹಾರರು ಸ್ಥಾನಕವೆಂದು ಕರೆದ ಠಾಣೆ, ಅದರ ಹಿಂದೆ ಯೇವೂರಿನ ಗುಡ್ಡಗಳು ಮತ್ತು ಕಣ್ಹೇರಿಯವರೆಗೂ ಹಬ್ಬಿದ ಕಾಡು. ಠಾಣೆಯ ಒಡೆತನ ಶಿಲಾಹಾರರಿಂದ ಯಾದವರಿಗೆ, ಅವರಿಂದ ಸುಲ್ತಾನರಿಗೆ, ಪೋರ್ಚುಗೀಸರಿಗೆ, 1737ರಲ್ಲಿ ಮರಾಠರಿಗೆ, 1774ರ ಕೊನೆಯಲ್ಲಿ ಇಂಗ್ಲಿಷರಿಗೆ ದಾಟಿತು. ಗುಡ್ಡದ ಮೇಲೆ ವಾರ್ಲಿಗಳು, ಖಾಡಿಯ ನೀರಿನಲ್ಲಿ ಕೋಲಿಗಳು, ಉಪ್ಪುನೆಲದಲ್ಲಿ ಆಗ್ರಿಗಳು ಅಲ್ಲಿಯೇ ಉಳಿದರು.

1320ರ ದಶಕದಲ್ಲಿ ಠಾಣೆಗೆ ಬಂದ ಇಟಲಿಯ ಪಾದ್ರಿ ಓಡೋರಿಕ್ ತನ್ನ ಪ್ರವಾಸಕಥನದಲ್ಲಿ ಇಲ್ಲಿನ ಪ್ರಾಣಿಗಳನ್ನು ಬೆರಗಿನಿಂದ ಎಣಿಸುತ್ತಾನೆ: ಕಪ್ಪು ಸಿಂಹಗಳು, ಮಂಗಗಳು, ಪಾರಿವಾಳದಷ್ಟು ದೊಡ್ಡ ಬಾವಲಿಗಳು, ನಾಯಿಯಷ್ಟು ದೊಡ್ಡ ಇಲಿಗಳು. ಕೊನೆಯವು ನಮ್ಮ ಹೆಗ್ಗಣಗಳೇ ಇರಬೇಕು. ಉತ್ಪ್ರೇಕ್ಷೆಯನ್ನು ಕಳೆದರೂ ಒಂದು ಮಾತು ನಿಲ್ಲುತ್ತದೆ. ಹಡಗುಗಳು ಬಂದು ಹೋಗುವ, ವ್ಯಾಪಾರ ತುಂಬಿದ ಪಟ್ಟಣದ ಹೊಸ್ತಿಲಲ್ಲೇ ಕಾಡುಮೃಗಗಳು ಹೇರಳವಾಗಿದ್ದವು.

ಅವು ಹಾಗೆ ಉಳಿದದ್ದು ಹೇಗೆ? ಉತ್ತರದ ಒಂದು ಭಾಗ ವಾಘೋಬಾ ಎಂಬ ಹುಲಿದೇವರ ಗುಡಿಯಲ್ಲಿದೆ. ಗುಡಿ ಎನ್ನುವುದೂ ದೊಡ್ಡ ಮಾತು. ಮರದ ಬುಡದಲ್ಲಿ ನಿಲ್ಲಿಸಿದ ಒಂದು ಕಲ್ಲು ಅಥವಾ ಮರದ ಹಲಗೆ, ಅದರಲ್ಲಿ ಬಾಲವೆತ್ತಿ ನಿಂತ ಹುಲಿಯೋ ಚಿರತೆಯೋ, ಮೇಲೆ ಸೂರ್ಯ, ಚಂದ್ರ, ಮೈತುಂಬ ಸಿಂಧೂರ. ವಾರ್ಲಿಗಳಲ್ಲಿ ಕೇಳಿಬರುವ ಒಂದು ಕತೆಯ ಪ್ರಕಾರ, ಮದುವೆಯಾಗದ ಹೆಣ್ಣೊಬ್ಬಳ ಹೊಟ್ಟೆಯಲ್ಲಿ ಹುಟ್ಟಿದ ಮಗ ಹುಲಿಯಾಗಿ ಊರಿನ ದನಗಳಿಗೆ ಬಾಯಿ ಹಾಕತೊಡಗಿದ. ಊರವರು ತಾಯಿಯ ಬಳಿ ದೂರಿಟ್ಟರು. ತಾಯಿ ಮಗನಿಗೂ ಊರಿಗೂ ಒಪ್ಪಂದ ಮಾಡಿಸಿದಳು: ಅವನು ಕಾಡಿನಲ್ಲಿರಬೇಕು, ಊರು ಅವನನ್ನು ಪೂಜಿಸಿ ವರ್ಷಕ್ಕೊಮ್ಮೆ ಊಟವಿಕ್ಕಬೇಕು. ದೀಪಾವಳಿಯ ಮುನ್ನ ಬರುವ ವಾಘಬಾರಸದ ದಿನ ಕೋಳಿ, ತೆಂಗಿನಕಾಯಿ, ಅಕ್ಕಿ ಒಪ್ಪಿಸುವುದು ಆ ಮಾತನ್ನು ಉಳಿಸಿಕೊಳ್ಳಲಿಕ್ಕೆ. ಇಲ್ಲಿ ಮೃಗವನ್ನು ಕೊಂದು ಗೆಲ್ಲುವ ವೀರನಿಲ್ಲ, ಬೇಡುವ ಭಕ್ತನೂ ಇಲ್ಲ. ಇಬ್ಬರಿಗೂ ಪಾಲುಂಟು, ಇಬ್ಬರಿಗೂ ಗಡಿಯುಂಟು. ಉತ್ತರ ಕನ್ನಡದ ಕಾಡಂಚಿನ ಹುಲಿಯಪ್ಪನ ಕಲ್ಲುಗಳನ್ನು ಕಂಡವರಿಗೆ ಇದು ಪರಕೀಯವೆನಿಸದು.

ದನ ಸತ್ತರೆ ವಾರ್ಲಿಗೆ ನೋವಾಗುವುದಿಲ್ಲವೆಂದಲ್ಲ. ಆದರೆ ಅದನ್ನು ದೇವರಿಗೆ ಸಂದ ಪಾಲೆಂದು ನುಂಗಿಕೊಳ್ಳಲು ಈ ನಂಬಿಕೆ ಬಲ ಕೊಟ್ಟಿತು. 2021ರಲ್ಲಿ ಪ್ರಕಟವಾದ ವನ್ಯಜೀವಿ ಸಂಶೋಧಕರ ಅಧ್ಯಯನವೊಂದು ಮುಂಬಯಿ ಉಪನಗರ, ಠಾಣೆ ಮತ್ತು ಪಾಲಘರ್ ಜಿಲ್ಲೆಗಳಲ್ಲಿ ಸುಮಾರು 150 ವಾಘೋಬಾ ನೆಲೆಗಳನ್ನು ದಾಖಲಿಸಿತು. 1929ರಲ್ಲಿ ವಿಹಾರ್ ಕೆರೆಯ ಬಳಿ, ಠಾಣೆಯಿರುವ ಸಾಷ್ಟಿ ದ್ವೀಪದ ಕೊನೆಯ ಹುಲಿ ಗುಂಡಿಗೆ ಬಿತ್ತು, ಚಿರತೆಗಳು ಉಳಿದವು. ಕೋಟಿಗಟ್ಟಲೆ ಜನರ ನಗರ ಒತ್ತಿಕೊಂಡು ನಿಂತ ಸುಮಾರು 104 ಚದರ ಕಿಲೋಮೀಟರಿನ ಸಂಜಯ್ ಗಾಂಧಿ ರಾಷ್ಟ್ರೀಯ ಉದ್ಯಾನದಲ್ಲಿ ಅವು ಇಂದಿಗೂ ಇವೆ. ಈ ಉಳಿವಿನ ಲೆಕ್ಕದಲ್ಲಿ ಬೇಲಿಗೆ ಮತ್ತು ಕಾಯ್ದೆಗೆ ಎಷ್ಟು ಪಾಲು ಸಲ್ಲಬೇಕೋ, ಆ ಸಿಂಧೂರದ ಕಲ್ಲಿಗೂ ಅಷ್ಟು ಸಲ್ಲಬೇಕೆಂಬುದು ನನ್ನ ದೃಢವಾದ ಅಭಿಪ್ರಾಯ.

ಗುಡ್ಡ ಇಳಿದರೆ ಖಾಡಿ. ಕೋಲಿಗಳು ಮಳೆಗಾಲದ ಮೊದಲ ತಿಂಗಳುಗಳಲ್ಲಿ ಕಡಲಿಗೆ ದೋಣಿ ಇಳಿಸುತ್ತಿರಲಿಲ್ಲ. ಶ್ರಾವಣದ ಹುಣ್ಣಿಮೆಯಂದು ಬಣ್ಣ ಬಳಿದ ದೋಣಿಗೆ ಪೂಜೆ ಮಾಡಿ, ಕಡಲಿಗೆ ತೆಂಗಿನಕಾಯಿ ಒಪ್ಪಿಸಿದ ಮೇಲೆಯೇ ಹೊಸ ಋತು. ನಮ್ಮ ಕರಾವಳಿಯಲ್ಲಿ ಅದೇ ನೂಲ ಹುಣ್ಣಿಮೆ. ದೋಣಿ ಇಳಿಸದ ಆ ತಿಂಗಳುಗಳೇ ಮೀನು ಮೊಟ್ಟೆಯಿಡುವ ಕಾಲವೂ ಹೌದು. ಸರ್ಕಾರ ಜೂನ್ ಮತ್ತು ಜುಲೈಯಲ್ಲಿ ಮೀನುಗಾರಿಕೆ ನಿಷೇಧಿಸಿದ್ದು ತೀರಾ ಈಚೆಗೆ. ಕೋಲಿವಾಡಾಗಳು ಆ ನಿಯಮವನ್ನು ಯಾರೂ ಹೇರದೆಯೇ ಪಾಲಿಸಿಕೊಂಡು ಬಂದಿದ್ದವು.

ಆಗ್ರಿಗಳ ಕೈಚಳಕ ಉಪ್ಪಿನದು ಮತ್ತು ಮಣ್ಣಿನದು. ಖಾಡಿಯ ಅಂಚಿನ ಜೌಗಿಗೆ ಮಣ್ಣಿನ ಒಡ್ಡು ಕಟ್ಟಿ, ಮಳೆನೀರಿನಿಂದ ಉಪ್ಪು ತೊಳೆಸಿ, ಸವುಳು ತಾಳುವ ಕೆಂಪು ಭತ್ತ ಬಿತ್ತುವ ಆ ನೆಲಕ್ಕೆ ಖಾರ್ ಎಂದು ಹೆಸರು. ಒಡ್ಡಿನ ಮುಂದೆ ಬೆಳೆದ ಕಾಂಡ್ಲವನ್ನು, ಅಲ್ಲಿನವರ ಮಾತಿನ ತಿವರವನ್ನು, ಅವರು ಉರುವಲಿಗೂ ಮೇವಿಗೂ ಸವರುತ್ತಿದ್ದರು, ಬುಡಸಮೇತ ಕೀಳಲಿಲ್ಲ. ಕಿತ್ತರೆ ಭರತದ ಏಟು ನೇರವಾಗಿ ಒಡ್ಡಿಗೆ ಬೀಳುತ್ತಿತ್ತು. ಒಬ್ಬನ ಗದ್ದೆಯ ಮುಂದೆ ಒಡ್ಡು ಒಡೆದರೆ ಎಲ್ಲರ ಗದ್ದೆಗೂ ಉಪ್ಪುನೀರು. ಆದ್ದರಿಂದ ದುರಸ್ತಿಗೆ ಊರಿಗೆ ಊರೇ ಇಳಿಯಬೇಕು. ಕುಮಟಾದ ಮಾಣಿಕಟ್ಟೆಯಲ್ಲಿ ಗಜನಿ ಮಾಡಿ ಕಗ್ಗದ ಭತ್ತ ಬೆಳೆದವರು ಇದೇ ವಿದ್ಯೆಯನ್ನು ಅಘನಾಶಿನಿಯ ದಂಡೆಯಲ್ಲಿ ಬಲ್ಲರು. ಅಲ್ಲಿ ಕಗ್ಗ ಕೊಯ್ದ ಮೇಲೆ ಗದ್ದೆಗೆ ಉಪ್ಪುನೀರು ಬಿಟ್ಟು ಸಿಗಡಿ ಮತ್ತು ಮೀನು ಹಿಡಿಯುವ ಕ್ರಮವೂ ಉಂಟು.

ಮರಾಠರ ಆಡಳಿತ ಕಾಡಿನ ವಿಷಯದಲ್ಲಿ ಒಂದು ಒಳ್ಳೆಯ ಲಿಖಿತವನ್ನು ಬಿಟ್ಟುಹೋಗಿದೆ. 1715ರ ಹೊತ್ತಿಗೆ ರಾಮಚಂದ್ರಪಂತ ಅಮಾತ್ಯ ರಚಿಸಿದ ಆಜ್ಞಾಪತ್ರ, ನೌಕಾಬಲಕ್ಕೆ ಸಾಗುವಾನಿ ಬೇಕಾದರೆ ಅಪ್ಪಣೆ ಪಡೆದು ಕಡಿಯಿರೆಂದೂ, ಮಾವು ಮತ್ತು ಹಲಸುಗಳನ್ನು ಪ್ರಜೆಗಳು ಮಕ್ಕಳಂತೆ ಸಾಕಿರುವುದರಿಂದ ಮುಟ್ಟಬಾರದೆಂದೂ ವಿಧಿಸಿತು. ಜೀರ್ಣವಾದ ಮರ ಬೇಕೇಬೇಕಾದಲ್ಲಿ ಒಡೆಯನನ್ನು ಒಪ್ಪಿಸಿ, ಹಣ ಕೊಟ್ಟು ಪಡೆಯಬೇಕು. ರಾಜ್ಯದ ಕೊಡಲಿಗೂ ಪ್ರಜೆಯ ಒಪ್ಪಿಗೆ ಬೇಕೆಂಬ ಈ ಮಾತನ್ನು ಮುಂದೆ ಬಂದ ದೊರೆತನ ಮರೆತುಬಿಟ್ಟಿತು.

1847ರಲ್ಲಿ ಅಲೆಕ್ಸಾಂಡರ್ ಗಿಬ್ಸನ್ ಮುಂಬಯಿ ಪ್ರಾಂತ್ಯದ ಮೊದಲ ಅರಣ್ಯ ಸಂರಕ್ಷಣಾಧಿಕಾರಿಯಾದ. 1853ರ ಏಪ್ರಿಲ್ 16ರಂದು ಬೋರಿಬಂದರಿನಿಂದ ಠಾಣೆಗೆ ರೈಲು ಓಡಿತು. ಮರುವರ್ಷ ಮೇ ತಿಂಗಳಲ್ಲಿ ಅದು ಖಾಡಿಯ ಸೇತುವೆ ದಾಟಿ, ಕಳವಾದ ದಂಡೆ ಹಾದು ಕಲ್ಯಾಣವನ್ನು ಮುಟ್ಟಿತು. ಹಳಿಯ ಕೆಳಗೆ ಹಾಸಲು ಮರ ಬೇಕಾಯಿತು, ಮರಕ್ಕಾಗಿ ಕಾಡು ಬೇಕಾಯಿತು. 1878ರ ಅರಣ್ಯ ಕಾಯ್ದೆ ಕಾಡಿನ ಸುತ್ತ ಗೆರೆ ಎಳೆದು, ಅದರೊಳಗಿದ್ದವರನ್ನು ಅತಿಕ್ರಮಿಗಳನ್ನಾಗಿ ಮಾಡಿತು.

ಎಲ್ಲಕ್ಕಿಂತ ಕಹಿಯಾದ ಜಗಳ ಹತ್ತಿದ್ದು ರಾಬ್ ಎಂಬ ಬೇಸಾಯ ಪದ್ಧತಿಯ ಮೇಲೆ. ಠಾಣೆಯ ರೈತ ಬೇಸಿಗೆಯಲ್ಲಿ ಸಸಿಮಡಿಯ ಮೇಲೆ ಸಗಣಿ, ಮರದ ಸವರುಕೊಂಬೆ, ತರಗೆಲೆ, ಹುಲ್ಲು ಪದರಪದರವಾಗಿ ಹಾಸಿ, ಮೇಲೆ ತೆಳ್ಳಗೆ ಮಣ್ಣು ಚೆಲ್ಲಿ, ಮಳೆಗೆ ಮುಂಚೆ ಸುಡುತ್ತಿದ್ದ. ಕಳೆಬೀಜ ಸಾಯುತ್ತಿತ್ತು, ಬೂದಿ ಗೊಬ್ಬರವಾಗುತ್ತಿತ್ತು. ಕೊಂಬೆಗಾಗಿ ಗದ್ದೆಯೊಂದಿಗೆ ವರ್ಕಸ್ ಎಂಬ ಮೇಲುನೆಲವಿತ್ತು. ಅಲ್ಲಿನ ಮತ್ತಿಮರದ ರೆಂಬೆ ಕಡಿಯುತ್ತಿದ್ದರು, ಕಾಂಡ ಬಿಡುತ್ತಿದ್ದರು, ಮರ ಮತ್ತೆ ಚಿಗುರುತ್ತಿತ್ತು. ದಿಮ್ಮಿಯ ಅಳತೆಯಿಂದ ಮರವನ್ನು ನೋಡುವ ಅಧಿಕಾರಿಗೆ ಅದು ಹಾಳುಮಾಡುವಿಕೆಯಾಗಿ ಕಂಡಿತು. ದೂರುಗಳು ಎಷ್ಟು ಬೆಳೆದವೆಂದರೆ 1885ರಲ್ಲಿ ಸರ್ಕಾರ ಠಾಣೆ ಮತ್ತು ಕೊಲಾಬಾ ಜಿಲ್ಲೆಗಳಿಗಾಗಿ ಅರಣ್ಯ ಆಯೋಗವನ್ನೇ ನೇಮಿಸಬೇಕಾಯಿತು; ವರದಿ 1887ರಲ್ಲಿ ಬಂದಿತು. ಕಾಡಿನ ಜನರ ಹಕ್ಕು ಮೊದಲ ಬಾರಿಗೆ ಸರ್ಕಾರಿ ಕಾಗದದಲ್ಲಿ ವಾದವಾಗಿ ನಿಂತ ಸಂದರ್ಭಗಳಲ್ಲಿ ಇದೊಂದು.

1862ರಲ್ಲಿ ಮದರಾಸಿನಿಂದ ಮುಂಬಯಿ ಪ್ರಾಂತ್ಯಕ್ಕೆ ಸೇರಿದ ನಮ್ಮ ಉತ್ತರ ಕನ್ನಡವೂ ಅದೇ ಆಳ್ವಿಕೆಯ ಬಿಸಿಯನ್ನು ಉಂಡಿತು. ಕುಮರಿ ಬೇಸಾಯಕ್ಕೆ ಕತ್ತರಿ ಬಿತ್ತು. ಅಡಕೆ ತೋಟಿಗರಿಗೆ ಸೊಪ್ಪಿನ ಬೆಟ್ಟದ ಸವಲತ್ತು, ಎಕರೆ ತೋಟಕ್ಕೆ ಒಂಬತ್ತು ಎಕರೆಯವರೆಗೆ, ಸಿಕ್ಕಿತು. ಕುಮರಿಯನ್ನೇ ನಂಬಿದ ಬಡವರಿಗೆ ಅಂಥದ್ದೇನೂ ಸಿಗಲಿಲ್ಲ. ಈ ಭೇದವನ್ನು ಮರೆಮಾಚಬಾರದು.

ಇತ್ತ ಮುಂಬಯಿಯ ಕಡೆ, 1930ರ ಸೆಪ್ಟೆಂಬರ್ 25ರಂದು ಉರಣದ ಬಳಿಯ ಚಿರನೇರಿನಲ್ಲಿ ಹಳ್ಳಿಗರು ಕುಡುಗೋಲು ಕೊಡಲಿ ಹಿಡಿದು ಅರಣ್ಯ ಕಾಯ್ದೆ ಮುರಿಯಲು ಹೊರಟರು. ಪೊಲೀಸರು ಗುಂಡು ಹಾರಿಸಿದರು. ಹಲವು ಸತ್ಯಾಗ್ರಹಿಗಳು ಮಡಿದರು. ಅವರು ಕೇಳಿದ್ದು ಕಾಡನ್ನು ಕಡಿದು ಬರಿದುಮಾಡುವ ಸ್ವಾತಂತ್ರ್ಯವನ್ನಲ್ಲ, ತಲೆಮಾರುಗಳಿಂದ ಉರುವಲು ಮೇವು ಕೊಟ್ಟ ಕಾಡಿನ ಮೇಲಣ ಹಳೆಯ ಬಳಕೆಯ ಹಕ್ಕನ್ನು.

ಹಕ್ಕು ಕೈಗೆ ಬಂದರೆ ಹಳ್ಳಿ ಏನು ಮಾಡುತ್ತದೆ ಎಂಬುದಕ್ಕೆ ಅದೇ ಪ್ರಾಂತ್ಯದ ಕುಮಟಾ ತಾಲೂಕು ಸಾಕ್ಷಿ. 1920ರ ದಶಕದ ಆರಂಭದಲ್ಲಿ ಕರಾವಳಿಯ ಅರಣ್ಯ ವ್ಯವಸ್ಥೆಯನ್ನು ಪರಿಶೀಲಿಸಿದ ಕಾಲಿನ್ಸ್ ಎಂಬ ಅಧಿಕಾರಿ, ಹಳಕಾರ, ಮೂರೂರು-ಕಲ್ಲಬ್ಬೆ ಮತ್ತು ಚಿತ್ರಗಿಯಲ್ಲಿ ಜನ ತಾವಾಗಿಯೇ ಕಾಡು ಕಾಯುತ್ತಿರುವುದನ್ನು ಕಂಡು ಮೆಚ್ಚಿದ. ಅಲ್ಲಿ ಗ್ರಾಮ ಅರಣ್ಯ ಪಂಚಾಯತಿಗಳು ಬಂದವು. ಹಳಕಾರದವರು ತಮ್ಮ ಹಣದಿಂದ ಕಾವಲುಗಾರನನ್ನಿಟ್ಟು, ಸೊಪ್ಪು ಮತ್ತು ಉರುವಲಿಗೆ ಕಟ್ಟಳೆ ಮಾಡಿಕೊಂಡರು. 1979ರಲ್ಲಿ ಇಂಥ ಪಂಚಾಯತಿಗಳನ್ನು ರದ್ದುಮಾಡುವ ಆದೇಶ ಬಂದಾಗ ಹಳಕಾರ ನ್ಯಾಯಾಲಯದ ಮೆಟ್ಟಿಲೇರಿ ತನ್ನ ಕಾಡನ್ನು ಉಳಿಸಿಕೊಂಡಿತು. ವಿಜ್ಞಾನಿ ಮಾಧವ ಗಾಡ್ಗೀಳರು ಮತ್ತೆ ಮತ್ತೆ ಎತ್ತಿ ತೋರಿದ ಉದಾಹರಣೆಗಳಲ್ಲಿ ಇದೂ ಒಂದು.

ಠಾಣೆ ಖಾಡಿಗೆ ಅಂಥ ಭಾಗ್ಯ ತಡವಾಗಿ, ಅರೆಬರೆಯಾಗಿ ಬಂದಿತು. ಕಾರ್ಖಾನೆಯ ಕೊಳೆನೀರು ಹರಿಯಿತು, ಖಾರ್ ಗದ್ದೆಗಳ ಮೇಲೆ ನವಿ ಮುಂಬಯಿ ಎದ್ದಿತು. 2005ರಲ್ಲಿ ಬಾಂಬೆ ಹೈಕೋರ್ಟು ಕಾಂಡ್ಲ ಕಡಿಯುವುದನ್ನು ತಡೆಯಿತು. 2015ರ ಫೆಬ್ರವರಿ 27ರಂದು ಪುಣೆಯ ಹಸಿರು ನ್ಯಾಯಮಂಡಳಿ, ಬಂದರಿಗಾಗಿ ಖಾಡಿ ತುಂಬಿಸಿದ್ದರಿಂದ ನೀರಿನ ಹರಿವು ಕಟ್ಟಿ, ಕಾಂಡ್ಲ ನಾಶವಾಗಿ ಬದುಕು ಕಳೆದುಕೊಂಡೆವೆಂದು ದಾವೆ ಹೂಡಿದ ಉರಣ-ಪನ್ವೇಲ್ ಕಡೆಯ ಸಾಂಪ್ರದಾಯಿಕ ಮೀನುಗಾರರ ಪರವಾಗಿ ತೀರ್ಪಿತ್ತಿತು: 1,630 ಕುಟುಂಬಗಳಿಗೆ 95 ಕೋಟಿ ರೂಪಾಯಿಗೂ ಮೀರಿದ ಪರಿಹಾರ.  ಅದೇ ವರ್ಷ ಆಗಸ್ಟ್ 6ರಂದು ಐರೋಳಿ ಮತ್ತು ವಾಶಿ ಸೇತುವೆಗಳ ನಡುವಣ ಸುಮಾರು 1,690 ಹೆಕ್ಟೇರನ್ನು ಫ್ಲೆಮಿಂಗೊ ಅಭಯಾರಣ್ಯವೆಂದು ಸಾರಲಾಯಿತು. 2022ರಲ್ಲಿ ಖಾಡಿ ಅಂತರರಾಷ್ಟ್ರೀಯ ಮಹತ್ವದ ಜೌಗುಪ್ರದೇಶಗಳ ರಾಮ್ಸರ್ ಪಟ್ಟಿಗೆ ಸೇರಿತು.

ಎರಡು ವರ್ಷಗಳ ಬಳಿಕ, 2024ರ ಜನವರಿಯಲ್ಲಿ, ಅದೇ ಪಟ್ಟಿಗೆ ಅಘನಾಶಿನಿಯ ಅಳಿವೆಯೂ ಸೇರಿತು. ಆ ಅಳಿವೆಯ ದಂಡೆಯ ತದಡಿಯಲ್ಲಿ ದೈತ್ಯ ಉಷ್ಣ ವಿದ್ಯುತ್ ಸ್ಥಾವರ ಕಟ್ಟುವ ಯೋಜನೆಯನ್ನು ಅಲ್ಲಿನ ಮೀನುಗಾರರು, ಗಜನಿ ರೈತರು, ಇಳಿತದ ಹೊತ್ತಿಗೆ ಕೆಸರಿನಲ್ಲಿ ಕುಳಿತು ಬೆಳಚು ಹೆಕ್ಕುವ ಹೆಂಗಸರು ಎದುರು ನಿಂತು ತಡೆದಿದ್ದರು.