ಹೊರಗುತ್ತಿಗೆ ವಿಡಿಯೊ ಗೇಮ್ ನಿರ್ಮಾಣ (ಬೆಂಗಳೂರು)

ಒಂದು ಸಂಸ್ಥೆ ಹೊರತರುವ ವಿಡಿಯೊ ಗೇಮ್‌ನ ಚಿತ್ರ, ಚಲನೆ, ಪರೀಕ್ಷೆ ಮೊದಲಾದ ಭಾಗಗಳನ್ನು ಬೇರೊಂದು ಸಂಸ್ಥೆ ಕರಾರಿನ ಮೇಲೆ ಮಾಡಿಕೊಡುವ ಪದ್ಧತಿ. ಕಾಟನ್‌ಪೇಟೆಯಂಥ ಹಳೆಯ ಪೇಟೆಗಳಲ್ಲಿ ‘ಜಾಬ್ ವರ್ಕ್’ ಎನ್ನುವ ವ್ಯವಹಾರಕ್ಕೆ ಇದು ತೀರ ಹತ್ತಿರದ್ದು. ಭಾರತದಲ್ಲಿ ಇದಕ್ಕೆ ಅಡಿಪಾಯ ಹಾಕಿದ್ದು ರಾಜೇಶ್ ರಾವ್ 1997ರಲ್ಲಿ ಬೆಂಗಳೂರಿನಲ್ಲಿ ಸ್ಥಾಪಿಸಿದ ಧ್ರುವ ಇಂಟರಾಕ್ಟಿವ್. ಫ್ರಾನ್ಸ್‌ನ ಇನ್ಫೋಗ್ರೇಮ್ಸ್‌ಗಾಗಿ ಇಡೀ ಆಟವೊಂದನ್ನು ರೂಪಿಸುವ ಕೆಲಸದಿಂದ ಹೊರಟ ಈ ಸಂಸ್ಥೆ ಕ್ರಮೇಣ, ಆಟದೊಳಗಿನ ವಾಹನ, ಕಟ್ಟಡ, ಪಾತ್ರಗಳ ಮೂರು ಆಯಾಮದ ಮಾದರಿಗಳನ್ನು, ಅಂದರೆ ಉದ್ಯಮದ ಭಾಷೆಯಲ್ಲಿ ‘ಆಸೆಟ್’ಗಳನ್ನು, ತಯಾರಿಸುವುದರಲ್ಲಿ ನುರಿತು, ಮೈಕ್ರೋಸಾಫ್ಟ್‌ನ ಫೋರ್ಜಾ ಸರಣಿಯ ಕಾರುಗಳವರೆಗೆ ಬೆಳೆಯಿತು. ದೊಡ್ಡ ಆಟಗಳಿಗೆ ಬೇಕಾಗುವ ಇಂಥ ಮಾದರಿಗಳು ಸಾವಿರಗಟ್ಟಲೆ ಇರುವುದರಿಂದ ಮತ್ತು ಆ ಕೆಲಸ ನಿರ್ಮಾಣದ ನಡುಗಾಲದಲ್ಲಷ್ಟೇ ಒತ್ತರಿಸಿ ಬರುವುದರಿಂದ, ಕಾಯಂ ನೌಕರರಿಗಿಂತ ಹೊರಗಿನ ಕುಶಲಿಗಳನ್ನು ನೆಚ್ಚುವುದು ಪ್ರಕಾಶಕರಿಗೆ ಅನುಕೂಲ.

ಆದರೆ ಆಟದ ಹಕ್ಕು ಮಾತ್ರ ಪ್ರಕಾಶಕರಲ್ಲೇ ಉಳಿಯುತ್ತದೆ. ಈ ಪದ್ಧತಿಯ ನಿಜವಾದ ಕೊರತೆ ಇದೇ, ಏಕೆಂದರೆ ಕನ್ನಡ ನಾಡಿನ ಕಲಾವಿದರ ಕೈಚಳಕ ಜಗತ್ತಿನ ಪರದೆಗಳ ಮೇಲೆ ಮೂಡಿದರೂ ಅವರ ಹೆಸರು ಆಟಗಾರನಿಗೆ ತಲಪುವುದು ಅಪರೂಪ.

ಕರ್ನಾಟಕ ಸರ್ಕಾರ 2012ರಲ್ಲಿ ಅನಿಮೇಷನ್ ಮತ್ತು ಗೇಮಿಂಗ್ ಕ್ಷೇತ್ರಕ್ಕೆ ಪ್ರತ್ಯೇಕ ನೀತಿ ತಂದಿತು. ಇತ್ತೀಚಿನ ಒಲವೆಂದರೆ ಗುತ್ತಿಗೆ ಕೊಡುವವರೇ ಗುತ್ತಿಗೆದಾರ ಸಂಸ್ಥೆಯನ್ನು ಕೊಳ್ಳುವುದು: ಸ್ವೀಡನ್ನಿನ ಸ್ಟಾರ್‌ಬ್ರೀಜ್ ವಶದಲ್ಲಿದ್ದ ಧ್ರುವವನ್ನು 2019ರಲ್ಲಿ ಅಮೆರಿಕದ ರಾಕ್‌ಸ್ಟಾರ್ ಗೇಮ್ಸ್ ಖರೀದಿಸಿ, ತನ್ನ ಬೆಂಗಳೂರು ಶಾಖೆಯೊಂದಿಗೆ ವಿಲೀನಗೊಳಿಸಿತು.