ಯೂಸುಫ್ ಇಸ್ಲಾಮ್: ಮರಳಿ ಬಂದ ಗಿಟಾರ್

ಕ್ಯಾಟ್ ಸ್ಟೀವನ್ಸ್‌ರ ಕಥೆಯನ್ನು ನಾವು ಅರ್ಧಕ್ಕೇ ನಿಲ್ಲಿಸಿಬಿಡುತ್ತೇವೆ. 1948ರಲ್ಲಿ ಲಂಡನ್ನಿನಲ್ಲಿ ಹುಟ್ಟಿದ ಅವರು ಹೋಟೆಲ್ ನಡೆಸುತ್ತಿದ್ದ ಸೈಪ್ರಸ್ ಮೂಲದ ಗ್ರೀಕರೊಬ್ಬರ ಮಗ. ಇಪ್ಪತ್ತರ ಹರೆಯದಲ್ಲೇ ಕ್ಷಯ ಅವರನ್ನು ತಿಂಗಳುಗಟ್ಟಲೆ ಮಲಗಿಸಿತು. 1970ರ 'ಟೀ ಫಾರ್ ದ ಟಿಲ್ಲರ್‌ಮನ್' ಜಗತ್ತಿನಾದ್ಯಂತ ಹೆಸರು ತಂದಿತು. ಅಣ್ಣ ಕೊಟ್ಟ ಕುರ್‌ಆನ್ ಓದಿ 1977ರಲ್ಲಿ ಇಸ್ಲಾಮ್ ಸ್ವೀಕರಿಸಿದರು. ಗಿಟಾರ್‌ಗಳನ್ನು ಹರಾಜು ಹಾಕಿ ಹಣವನ್ನು ದಾನಕ್ಕೆ ಕೊಟ್ಟರು.

ನಮ್ಮ ಭಾಷಣಗಳಲ್ಲಿ ಕಥೆ ಇಲ್ಲಿಗೆ ಮುಗಿಯುತ್ತದೆ. 1983ರಲ್ಲಿ ಅವರು ಲಂಡನ್ನಿನಲ್ಲಿ ಆರಂಭಿಸಿದ ಇಸ್ಲಾಮಿಯಾ ಶಾಲೆ ಹದಿನೈದು ವರ್ಷಗಳ ಬಳಿಕ, 1998ರಲ್ಲಿ, ಸರಕಾರಿ ಅನುದಾನ ಪಡೆದದ್ದೂ ನಮಗೆ ನೆನಪಾಗುವುದಿಲ್ಲ. ಇನ್ನು ಗಿಟಾರ್‌ನ ಮಾತಂತೂ ಬೇಡವೇ ಬೇಡ! ಮಗ ಮನೆಗೆ ತಂದ ಗಿಟಾರನ್ನು ಅವರು ಮತ್ತೆ ಕೈಗೆತ್ತಿಕೊಂಡರು. ಸಂಗೀತದ ಬಗ್ಗೆ ವಿದ್ವಾಂಸರಲ್ಲಿ ಭಿನ್ನಾಭಿಪ್ರಾಯ ಇಂದು ನಿನ್ನೆಯದಲ್ಲ. ಅವರು ಬಿಟ್ಟದ್ದನ್ನು ಕೊಂಡಾಡಿದ ನಮಗೆ ಮರಳಿದ್ದನ್ನು ಹೇಳಲು ಮುಜುಗರವೇಕೆ? 2006ರಲ್ಲಿ ಬಂದ ಆಲ್ಬಮ್ಮಿನ ಮೇಲಿದ್ದ ಹೆಸರು ಯೂಸುಫ್ ಎಂದೇ.